ಸೋಮವಾರ ಕಿತ್ತ ಪತ್ರೆ

ಬೆಲ್ಟು ಬಿಗಿಯಾಯಿತು, ಕ್ರೇನು ಒಂದು ಸಲ ಗುಟುರು ಹಾಕಿತು, ಇಪ್ಪತ್ತೆರಡು ವರ್ಷ ನೆಲ ಕಚ್ಚಿ ನಿಂತಿದ್ದ ಬಿಲ್ವದ ಮರ ಬುಡದ ಮಣ್ಣಿನ ಸಮೇತ ಒಂದು ಗೇಣು ಮೇಲೆದ್ದಿತು. ನೋಡುತ್ತ ನಿಂತಿದ್ದ ನೀಲಗಂಗಮ್ಮ ತನಗರಿವಿಲ್ಲದೆ ತಾನೂ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತಳು. ಗೇಣು ಮೊಳವಾಯಿತು, ಮೊಳ ಆಳೆತ್ತರವಾಯಿತು. ಗೋಣಿತಾಟು ಸುತ್ತಿ ಹಗ್ಗ ಬಿಗಿದ ಬೇರಿನ ಮುದ್ದೆಯಿಂದ ಕೆಸರುನೀರು ತೊಟ್ಟಿಕ್ಕುತ್ತಿತ್ತು. ಮೇಲೆ ಒಂದು ಎಲೆಯೂ ಕಮ್ಮಿಯಾಗದ ಹಸಿರು ಕೊಡೆ, ಚೆನ್ನೈಯ ಅಂಬತ್ತೂರಿನ ಶೀಟ್ ಮಾಡುಗಳ ನಡುವೆ ಮೆಲ್ಲಗೆ ತೂಗುತ್ತಿತ್ತು. ಪಕ್ಕದ ಕಾರ್ಖಾನೆಗಳ ಜನ ಲೇತು ನಿಲ್ಲಿಸಿ ಗೋಡೆ ಹತ್ತಿ ಕೂತು ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಅವಳಿಗೆ ಮದುವೆಮನೆಯಲ್ಲಿ ನಿಂತ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು.

"ಏಳೂ ಹತ್ತು. ಎಪ್ಪತ್ತಾರು," ಎಂದು ಗಂಡ ಗುರುಬಸಪ್ಪ ಎಲ್ಲರಿಗೂ ಕೇಳುವಂತೆ ಸಾರಿದ. ಅವನ ಕೈಯಲ್ಲಿ ಗಾಳಿಯ ತೇವ ನೂರಕ್ಕೆಷ್ಟು ಎಂದು ತೋರಿಸುವ ಅಂಗೈಯಗಲದ ಮೀಟರಿತ್ತು. ಮೀಟರು ಅವನದಲ್ಲ, ಮರ ಸಾಗಿಸಲು ಬಂದ ಮೌನ ಎಂಬ ಹುಡುಗಿಯದು. ಮೂವತ್ತು ವರ್ಷ ಸ್ಪ್ರಿಂಗು ಮಾಡಿ ಮಾರಿದ ಮನುಷ್ಯನಿಗೆ ಮುಳ್ಳು ಅಲ್ಲಾಡುವ ಯಾವ ಯಂತ್ರ ಸಿಕ್ಕರೂ ಊಟ ಬೇಡ. ಬೆಳಿಗ್ಗೆ "ಸ್ವಲ್ಪ ನೋಡಿ ಕೊಡ್ತೀನಿ" ಎಂದು ಇಸಿದುಕೊಂಡವನು ವಾಪಸು ಕೊಡುವ ಲಕ್ಷಣವೇ ಇರಲಿಲ್ಲ.

ಆ ಮರವನ್ನು ತಂದವಳು ಗುರುಬಸಪ್ಪನ ತಾಯಿ ಹುಚ್ಚಮ್ಮ. ಹಾವೇರಿಯಿಂದ ತುಪ್ಪದ ಡಬ್ಬಿಯಲ್ಲಿ ಮೊಳಕಾಲೆತ್ತರದ ಸಸಿ ಇಟ್ಟುಕೊಂಡು, ರೈಲಿನಲ್ಲಿ ಇಡೀ ದಾರಿ ಅದನ್ನು ತೊಡೆಯ ಮೇಲಿಂದ ಇಳಿಸದೆ ಬಂದು, ಮಗನ ಕಾರ್ಖಾನೆಯ ಹಿತ್ತಲಲ್ಲಿ ನೆಟ್ಟಿದ್ದಳು. ಅಂದಿನಿಂದ ಅತ್ತೆಯ ಲಿಂಗಪೂಜೆಗೆ ಪತ್ರೆ ಬೇರೆ ಕಡೆಯಿಂದ ಬಂದದ್ದಿಲ್ಲ. ದಿನಾ ಗಂಡನ ಕಾರಿನಲ್ಲಿ ಅಂಬತ್ತೂರಿಗೆ ಬಂದು, ಪತ್ರೆ ಕಿತ್ತು, ಆಟೋ ಹತ್ತಿ ಕೊರಟ್ಟೂರಿನ ಮನೆಗೆ ಮರಳುವುದು ನೀಲಗಂಗಮ್ಮನ ಕೆಲಸ. ಸೋಮವಾರ ಮಾತ್ರ ರಜೆ. ಸೋಮವಾರ ಪತ್ರೆ ಕೀಳಬಾರದು. ಭಾನುವಾರವೇ ಎರಡು ದಿನಕ್ಕಾಗುವಷ್ಟು ಕಿತ್ತಿಡಬೇಕು. ಇದನ್ನು ಅತ್ತೆ ಹೇಳಿಕೊಟ್ಟದ್ದು ಮದುವೆಯಾದ ಮೊದಲ ವಾರ. ಮೂವತ್ತಮೂರು ವರ್ಷದಲ್ಲಿ ಒಂದು ಸಲವೂ ಅವಳು ತಪ್ಪಿರಲಿಲ್ಲ.

ಈಗ ಕಾರ್ಖಾನೆಯ ಹಿಂದೆ ಮಳೆನೀರಿನ ಕಾಲುವೆ ಅಗಲವಾಗುತ್ತಿತ್ತು. ಗುರುತು ಹಾಕಿದ ಬಿಳಿ ಗೆರೆ ಸರಿಯಾಗಿ ಬಿಲ್ವದ ಬುಡದ ಮೇಲೆ ಹಾದಿತ್ತು. ಕಡಿಯುವ ಬದಲು ಕಿತ್ತು ಒಯ್ಯುವುದಾದರೆ ಒಯ್ಯಿರಿ, ಜೂನ್ ಮೂರನೆಯ ವಾರದೊಳಗೆ ಎಂದು ಕಾಲುವೆಯ ಕೆಲಸದವರು ಹೇಳಿದ್ದರು. ಮರವನ್ನು ಕೊರಟ್ಟೂರಿನ ಮನೆಯ ಹಿತ್ತಲಿಗೆ ತರುವುದೆಂದು ಗುರುಬಸಪ್ಪ ವಿಚಾರಿಸಿ ವಿಚಾರಿಸಿ, ಗಿಂಡಿ ಬಡಾವಣೆಯಲ್ಲಿ, ರಸ್ತೆಗೆ, ಕಟ್ಟಡಕ್ಕೆ ಅಡ್ಡ ಬಂದ ಮರಗಳನ್ನು ಬೇರು ಸಮೇತ ಸಾಗಿಸುವ ಒಂದು ಚಿಕ್ಕ ಕಂಪನಿಯನ್ನು ಹುಡುಕಿದ. ಅಲ್ಲಿಂದ ಬಂದವಳು ಮೌನ. ಹಾಸನದ ಹುಡುಗಿ, ಸಸ್ಯಶಾಸ್ತ್ರ ಓದಿದವಳು, ಚೆನ್ನೈಗೆ ಬಂದು ಮೂರು ವರ್ಷ. ಆರು ವಾರ ಮೊದಲೇ ಬಂದು ಮರದ ಸುತ್ತ ಕಂತು ಕಂತಾಗಿ ಅಗೆಸಿ, ದೂರದ ಬೇರು ಕತ್ತರಿಸಿ, ಬುಡದಲ್ಲಿ ಹೊಸ ಬೇರು ಬರಿಸಿದ್ದಳು. ಎಲ್ಲ ಸರಿಹೋಗಿತ್ತು, ಒಂದು ಮಾತಿನ ಹೊರತು.

"ಎಲೆ ಪೂರ್ತಿ ತೆಗೀಬೇಕು ಆಂಟಿ. ಒಂದೂ ಬಿಡದ ಹಾಗೆ."

"ಹಸರ ಗಿಡಾ ಬೋಳಿಸಿ ಮನೀಗೆ ಕರಕೊಂಡು ಹೋಗೂದೇನವಾ? ನೋಡಿದೋರು ಏನಂತಾರ?" ಎಂದಿದ್ದಳು ನೀಲಗಂಗಮ್ಮ.

ಮೌನ ವಾದ ಮಾಡಲಿಲ್ಲ. ಬಿಸಿಲಿನ ಕಡೆಯ ಕೊಂಬೆಗೊಂದು, ನೆರಳಿನ ಕಡೆಯ ಕೊಂಬೆಗೊಂದು ಪ್ಲಾಸ್ಟಿಕ್ ಕವರ್ ತೊಡಿಸಿ ಬಾಯಿ ಬಿಗಿದು, "ಟೀ ಕುಡ್ಕೊಂಡು ಬನ್ನಿ" ಎಂದಳು. ಎರಡು ಗಂಟೆ ಬಿಟ್ಟು ಬಿಚ್ಚಿದರೆ ಬಿಸಿಲಿನ ಕವರಿನಲ್ಲಿ ನಾಲ್ಕು ಚಮಚ ನೀರು, ನೆರಳಿನದರಲ್ಲಿ ಒಂದು ಚಮಚಕ್ಕೂ ಕೊರತೆ. ನೀಲಗಂಗಮ್ಮ ಚಮಚವನ್ನು ಮೂಗಿಗೆ ಹಿಡಿದು ನೋಡಿದಳು, ನಾಲಗೆಗೆ ಮುಟ್ಟಿಸಿದಳು. ಬರಿಯ ನೀರು.

"ಇದು ಎಲ್ಲೀದು?"

"ಬೇರು ಕುಡಿದಿದ್ದು. ಎಲೇಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳಿರ್ತವೆ. ಬೆಳಕಾದ್ರೆ ತೆರಕೊಳ್ತವೆ, ಗಾಳಿ ಅಲ್ಲಿಂದ ನೀರು ಎಳ್ಕೊಳ್ಳುತ್ತೆ. ಬಿಸಿಲು ಜಾಸ್ತಿಯಾದ್ರೆ ಜಾಸ್ತಿ, ಒಣಗಾಳಿ ಬೀಸಿದ್ರೆ ಇನ್ನೂ ಜಾಸ್ತಿ. ಗಾಳಿ ತೇವ ಇದ್ರೆ ಕಡಿಮೆ. ಈಗ ನಾವು ಬೇರು ಕತ್ತರಿಸಿದ್ದೀವಿ, ಐದರಲ್ಲಿ ಒಂದು ಪಾಲು ಉಳಿದಿದೆ. ಕುಡಿಯೋದು ಒಂದು ಪಾಲು, ಕಳಕೊಳ್ಳೋದು ಐದು ಪಾಲು ಆದ್ರೆ ಮರ ಎಲ್ಲಿಂದ ತರುತ್ತೆ?"

ನೀಲಗಂಗಮ್ಮನಿಗೆ ಆ ದಿನ ಹಿಡಿದ ಹುಚ್ಚು ಬೇಗ ಬಿಡಲಿಲ್ಲ. ಮುಂದಿನ ಒಂದು ವಾರ ಕೊರಟ್ಟೂರಿನ ಅವರ ಬೀದಿಯಲ್ಲಿ ಕವರ್ ಕಟ್ಟಿಸಿಕೊಳ್ಳದ ಗಿಡ ಉಳಿಯಲಿಲ್ಲ. ಕರಿಬೇವು, ದಾಸವಾಳ, ಎದುರುಮನೆಯ ನುಗ್ಗೆ, ಯಾವುದಕ್ಕೂ ರಿಯಾಯಿತಿ ಇಲ್ಲ. ಚಮಚ ಹಿಡಿದು ಮನೆಯಿಂದ ಮನೆಗೆ ಓಡಾಡುತ್ತ, "ನುಗ್ಗಿ ಮೂರು ಚಮಚ, ದಾಸಾಳ ಆರೂವರೆ" ಎಂದು ಗಂಡನಿಗೆ ಫೋನಿನಲ್ಲಿ ವರದಿ ಒಪ್ಪಿಸಿದಳು. ಅವಳ ಖುಷಿಗೆ ಕಾರಣವಿತ್ತು. ಮೌನ ಹೇಳಿದ ಶಾಸ್ತ್ರ ಅವಳಿಗೆ ಮೊದಲೇ ಗೊತ್ತಿತ್ತು, ಬೇರೆ ಹೆಸರಿನಲ್ಲಿ. ಮೂವತ್ತು ಬೇಸಿಗೆ ಆ ಮನೆಯ ಮಾಳಿಗೆಯ ಮೇಲೆ ಸಂಡಿಗೆ ಒಣಗಿಸಿದವಳು ಅವಳು. ಬೆಳಿಗ್ಗೆ ಹತ್ತರ ಮೇಲೆ ಅಂಬತ್ತೂರಿನ ದಿಕ್ಕಿನಿಂದ ಪಡುವಣದ ಬಿಸಿಗಾಳಿ ಎದ್ದರೆ ಸಂಡಿಗೆ ಗಲಗಲ ಅನ್ನುತ್ತದೆ. ಮಧ್ಯಾಹ್ನ ಕಡಲಗಾಳಿ ಬಂತೆಂದರೆ ಅದೇ ಬಿಸಿಲಿನಲ್ಲೂ ಮೆತ್ತಗಾಗುತ್ತದೆ, ಓಡಿಹೋಗಿ ಮುಚ್ಚಬೇಕು. ಮರವೂ ಹಾಗೆಯೇ ಒಣಗುತ್ತದೆ ಎಂದು ಯಾರೂ ಹೇಳಿರಲಿಲ್ಲ, ಅಷ್ಟೆ.

ಹಾಗಾಗಿ ಅವಳು ಒಪ್ಪಿದಳು. ಕೊಂಬೆಗೆ ಕತ್ತಿ ಬೇಡ, ಎಲೆಯನ್ನು ಕೈಯಿಂದ ಕೀಳೋಣ ಎಂಬ ಷರತ್ತಿನ ಮೇಲೆ. ಕ್ರೇನು ಗುರುವಾರಕ್ಕೆ ಗೊತ್ತಾಗಿತ್ತು. ಬುಧವಾರ ಬಳಗದ ಹನ್ನೊಂದು ಹೆಂಗಸರನ್ನು ಕರೆದು, ಉಪ್ಪಿಟ್ಟು ಶಿರಾ ಮಾಡಿ, ಪತ್ರೆಯನ್ನೆಲ್ಲ ಕಿತ್ತು ಮನೆಮನೆಗೆ ಹಂಚುವುದೆಂದು ಏರ್ಪಾಡಾಗಿತ್ತು. ಅತ್ತೆಯೂ ಹೂಂ ಅಂದಿದ್ದಳು.

ಭಾನುವಾರ ರಾತ್ರಿ ಊಟಕ್ಕೆ ಕೂತಾಗ ಮೌನಳ ಫೋನು ಬಂತು. ಕಾಲುವೆಯವರು ಮಂಗಳವಾರವೇ ಜೆಸಿಬಿ ಇಳಿಸುತ್ತಾರೆ. ಕ್ರೇನು ಸಿಗುವುದು ಸೋಮವಾರ ಮಾತ್ರ. ಕತ್ತಲಾದ ಮೇಲೆ ಗಿಡ ಮುಟ್ಟುವಂತಿಲ್ಲ, ಬೆಳಗಾದರೆ ಸೋಮವಾರ. ನೀಲಗಂಗಮ್ಮ ಕೈಯಲ್ಲಿದ್ದ ತುತ್ತು ಹಾಗೇ ಹಿಡಿದುಕೊಂಡು ಅತ್ತೆಯ ಮುಖ ನೋಡಿದಳು. ಎಂಬತ್ತೆಂಟರ ಹುಚ್ಚಮ್ಮ ರೊಟ್ಟಿ ಮುರಿಯುತ್ತಲೇ, "ಗಿಡ ಎಲಿ ಸಮೇತ ಬರ್ಲಿ, ಒಂದಿನ ತಡೀಲಿ. ಮಂಗಳವಾರ ನಸುಕಿನ್ಯಾಗ ಕೀಳ್ರಿ," ಎಂದಳು. ಅಲ್ಲಿಗೆ ಮುಗಿಯಿತು. ಮೌನ ಫೋನಿನಲ್ಲೇ ಗಂಟೆಗಳ ಲೆಕ್ಕ ಹಾಕಿದಳು. ಆಮೇಲೆ, "ಏಳು ಗಂಟೆಗೇ ಎತ್ತಿ, ಹತ್ತರೊಳಗೆ ಗುಂಡಿಗೆ ಇಳಿಸಿ, ಒದ್ದೆ ಬಟ್ಟೆ ಹೊದಿಸಿದ್ರೆ ನೋಡೋಣ," ಎಂದಳು.

ಹೀಗೆ ಆ ಸೋಮವಾರ ಎಲೆ ತುಂಬಿದ ಮರ ಆಕಾಶಕ್ಕೇರಿತು.

ಲಾರಿಯ ಮೇಲೆ ಅದನ್ನು ಓರೆಯಾಗಿ ಮಲಗಿಸಿ, ನೀಲಗಂಗಮ್ಮನ ಹನ್ನೆರಡು ಹಳೆ ಹತ್ತಿ ಸೀರೆಗಳನ್ನು ನೀರಲ್ಲಿ ಅದ್ದಿ ಹೊದಿಸಿದ್ದಾಯಿತು. ಇಳಕಲ್ಲು, ಗುಳೇದಗುಡ್ಡ, ಯಾವುದೋ ಮದುವೆಗೆ ಕೊಟ್ಟ ಕೆಂಪಂಚಿನದು. ಸೀರೆ ಉಟ್ಟು ಹೊರಟ ಮರವನ್ನು ನೋಡಿ ಗೋಡೆಯ ಮೇಲಿನವರು ಶಿಳ್ಳೆ ಹಾಕಿದರು. ಕ್ರೇನು ಹಿಂದೆ ಬರಲೆಂದು ಬಿಟ್ಟು ಲಾರಿ ಮುಂದಾಯಿತು. ನೀಲಗಂಗಮ್ಮ ಯಾರ ಮಾತೂ ಕೇಳದೆ ಡ್ರೈವರಿನ ಪಕ್ಕ ಹತ್ತಿ ಕೂತಳು. ಅವನ ಹೆಸರು ದೇವಸಗಾಯಂ, ಮೀನು ಬಂದರು ಕಾಸಿಮೇಡಿನವನು. ವರ್ಷಗಟ್ಟಲೆ ಮೀನಿನ ಲಾರಿ ಓಡಿಸಿ ಅಭ್ಯಾಸ, ಮಂಜುಗಡ್ಡೆ ಕರಗುವುದರೊಳಗೆ ಮುಟ್ಟಬೇಕೆಂಬ ವೇಗ ಕಾಲಿಗೆ ಅಂಟಿಬಿಟ್ಟಿತ್ತು. ಮೊದಲ ತಿರುವಿನಲ್ಲೇ ಕೆಂಪಂಚಿನ ಸೀರೆ ಹಾರಿ ಹಿಂದಿನ ಬಸ್ಸಿನ ಗಾಜಿಗೆ ಅಂಟಿತು.

"ಮೆದುವಾಪ್ಪಾ, ಮೆದುವಾ," ನಿಧಾನವಾಗಿ ಹೋಗೆಂದು ನೀಲಗಂಗಮ್ಮ ತಮಿಳಿನಲ್ಲಿ ಶುರುಮಾಡಿ, ಸಿಟ್ಟು ಬಂದಾಗ ಹಾವೇರಿಗೇ ಇಳಿದಳು. "ಗಾಳಿ ಬಡದಷ್ಟೂ ಎಲಿ ನೀರು ಬಿಡತೈತಿ. ಇದು ಮೀನಲ್ಲ, ಜೀವ ಐತಿ ಇದಕ್ಕ."

ದೇವಸಗಾಯಂಗೆ ಮಾತು ತಿಳಿಯದಿದ್ದರೂ ಧ್ವನಿ ತಿಳಿಯಿತು. ಅಲ್ಲಿಂದ ಮುಂದೆ ಲಾರಿ ಸೈಕಲ್ಲಿಗೂ ದಾರಿ ಬಿಟ್ಟುಕೊಂಡು ನಡೆಯಿತು. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಬೈಕಿನವರು ಮರಕ್ಕೆ ಕೈಮುಗಿಯುತ್ತಿದ್ದರು, ಒಬ್ಬಳು ಕಿಟಕಿಯಿಂದ ನೀಲಗಂಗಮ್ಮನಿಗೂ ಮುಗಿದಳು. ಅವಳು ಗಂಭೀರವಾಗಿ ಸ್ವೀಕರಿಸಿದಳು. ಅಷ್ಟು ಸಂತೋಷದ ಒಂದು ಗಂಟೆ ಅವಳಿಗೆ ಚೆನ್ನೈನಲ್ಲಿ ಮತ್ತೊಂದು ನೆನಪಿಲ್ಲ.

ಒಂಬತ್ತೂವರೆಗೆ ಕೊರಟ್ಟೂರಿನ ಮನೆ ಮುಟ್ಟಿದರು. ಹಿತ್ತಲಲ್ಲಿ ಗುಂಡಿ ತೋಡಿ, ಗೊಬ್ಬರ ಕಲಸಿ, ನೀರು ಕುಡಿಸಿ ಇಟ್ಟಿತ್ತು. ಹುಚ್ಚಮ್ಮ ಗೇಟಿನ ಒಳಗೆ ಬೆತ್ತದ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದಳು. ಲಾರಿ ನಿಂತಾಗ ಎದ್ದು ಬಂದು, ಕೈ ಚಾಚಿ, ಕೆಳಗೆ ಬಾಗಿದ್ದ ಒಂದು ರೆಂಬೆಯನ್ನು ಗಲ್ಲ ಸವರಿದಂತೆ ಸವರಿ ಮತ್ತೆ ಕೂತಳು. ಇನ್ನು ಕ್ರೇನು ಬಂದರೆ ಆಯಿತು.

ಕ್ರೇನು ಬರಲಿಲ್ಲ. ಹತ್ತು ಗಂಟೆಗೆ ಗುರುಬಸಪ್ಪನ ಫೋನಿಗೆ ಸುದ್ದಿ ಬಂತು: ಅಂಬತ್ತೂರಿನ ಕೈಗಾರಿಕಾ ಎಸ್ಟೇಟಿನ ಬಾಯಲ್ಲೇ ಕ್ರೇನಿನ ಆಯಿಲ್ ಪೈಪು ಒಡೆದಿದೆ, ಹೊಸದು ತಂದು ಹಾಕಬೇಕು, ಎರಡು ಗಂಟೆಯಾಗಬಹುದು, ಮೂರೂ ಆಗಬಹುದು. ಬೇರೆ ಕ್ರೇನಿಗೆ ಮೌನ ನಾಲ್ಕು ಕಡೆ ಕೇಳಿದಳು. ನಾಲ್ಕೂ ಕಡೆ ನಾಳೆ ಎಂದರು.

"ಹತ್ತೂ ಇಪ್ಪತ್ತು. ಐವತ್ತೆಂಟು," ಎಂದ ಗುರುಬಸಪ್ಪ.

ನೀಲಗಂಗಮ್ಮ ಬಕೆಟ್ಟಿನಲ್ಲಿ ನೀರು ತಂದು ಸೀರೆಗಳ ಮೇಲೆ ಸುರಿದಳು. ಎದುರುಮನೆಯವರು ಪೈಪು ಕೊಟ್ಟರು. ಹಾಕಿದ ನೀರು ಹಬೆಯಾಡಿ ಹತ್ತು ನಿಮಿಷದಲ್ಲಿ ಸೀರೆ ಗರಿಗರಿ. ಮತ್ತೆ ಹಾಕಿದಳು. ಆಗ ಬೀದಿಯ ಕೊನೆಯಲ್ಲಿ ಧೂಳೆದ್ದಿತು. ಎಡಗೆನ್ನೆಗೆ ಒಲೆಯ ಬಾಗಿಲು ತೆಗೆದಂತೆ ಬಿಸಿ ಬಡಿಯಿತು. ಅವಳು ತಿರುಗಿ ನೋಡಲೂ ಬೇಕಿರಲಿಲ್ಲ. ಸಂಡಿಗೆಯ ಗಾಳಿ.

"ಐವತ್ತು," ಎಂದ ಗುರುಬಸಪ್ಪ. ಆಮೇಲೆ, "ನಲವತ್ನಾಕು." ಅವನ ಧ್ವನಿಯಲ್ಲಿ ಬೆಳಗಿನ ಗತ್ತು ಇರಲಿಲ್ಲ. ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ಮೀಟರನ್ನು ಜೇಬಿಗೆ ಹಾಕಿಕೊಂಡು, ಹೆಂಡತಿಗೆ ಮಾತ್ರ ಕೇಳುವಂತೆ, "ಮೂವತ್ತೇಳ ಐತಿ," ಎಂದ.

ಅವಳು ಲಾರಿಯ ಮೇಲೆ ಹತ್ತಿ ಒಂದು ಸೀರೆ ಸರಿಸಿ ನೋಡಿದಳು. ಬಲಿತ ಎಲೆಗಳು ಇನ್ನೂ ಹಾಗೇ ಇದ್ದವು. ಆದರೆ ತುದಿಯ ತಾಮ್ರದ ಬಣ್ಣದ ಚಿಗುರುಗಳು, ಬೆಳಿಗ್ಗೆ ಸೆಟೆದು ನಿಂತಿದ್ದವು, ಕುತ್ತಿಗೆ ಮುರಿದಂತೆ ಜೋತಿದ್ದವು. ಮುಟ್ಟಿದರೆ ಬೆರಳಿಗೆ ತಂಪು ತಾಗಲಿಲ್ಲ. ಮೌನ ಅವಳ ಪಕ್ಕ ಬಂದು ಕೂತು ಅದನ್ನೇ ನೋಡಿದಳು.

"ನಾಳೆ ಬೆಳಿಗ್ಗೆ ಮಟ ತಡೀತೈತೇನು? ಖರೇ ಹೇಳು," ಎಂದಳು ನೀಲಗಂಗಮ್ಮ.

"ಆಂಟಿ, ಮರದೊಳಗೆ ನೀರು ಎಳೆ ಎಳೆಯಾಗಿ ಇರುತ್ತೆ, ಬೇರಿಂದ ಎಲೆ ತನಕ ಒಂದೇ ಎಳೆ. ಎಲೆ ಮೇಲಿಂದ ಎಳೀತಾನೇ ಇದೆ, ಕೆಳಗಿಂದ ಬರ್ತಿಲ್ಲ. ಒಂದು ಮಟ್ಟ ದಾಟಿದ್ರೆ ಎಳೆ ಹರಿಯುತ್ತೆ. ಹರಿದಿದ್ದು ಸೇರಲ್ಲ. ಆಮೇಲೆ ಬುಡಕ್ಕೆ ಟ್ಯಾಂಕರ್ ತಂದು ಸುರಿದ್ರೂ ಮೇಲೆ ಹೋಗಲ್ಲ." ಫೋನು ತೆಗೆದು ನೋಡಿದಳು: "ಕಡಲಗಾಳಿ ಬೇಗ ಬಂದ್ರೆ ಉಳಿಯುತ್ತೆ. ಮೊಬೈಲಲ್ಲಿ ಒಂದೂವರೆಗೆ ಬರುತ್ತೆ ಅಂತಿದೆ."

ನೀಲಗಂಗಮ್ಮ ತಲೆಯೆತ್ತಿ ಮಾಳಿಗೆಗಳ ಕಡೆ ನೋಡಿದಳು. ಒಣಹಾಕಿದ ಬಟ್ಟೆಗಳೆಲ್ಲ ಮೂಡಲಕ್ಕೆ ಹಾರುತ್ತಿದ್ದವು, ಒಂದೂ ಜೋತುಬೀಳುತ್ತಿರಲಿಲ್ಲ. ಆಕಾಶ ತೊಳೆದ ಪಾತ್ರೆಯಂತೆ ಬೆಳ್ಳಗಿತ್ತು. ಹನ್ನೊಂದಕ್ಕೆ ಪಡುವಣದ ಗಾಳಿ ಹೀಗೆ ಹಟ ಹಿಡಿದ ದಿನ ಅವಳು ಸಂಜೆ ಐದರವರೆಗೂ ಸಂಡಿಗೆ ಮುಚ್ಚಿದ್ದಿಲ್ಲ.

"ಇಲ್ಲವಾ. ಇವತ್ತ ಸಮುದ್ರದ ಗಾಳಿ ಬರೂದಿಲ್ಲ," ಎಂದಳು.

ಹೇಳಿದ ಮೇಲೆ ಅವಳಿಗೇ ಭಯವಾಯಿತು. ಮೊಬೈಲು ಹೇಳಿದ್ದನ್ನೇ ನಂಬಿ ಒಂದೂವರೆ ತನಕ ಕೂತಿದ್ದರೆ ಯಾರ ತಪ್ಪೂ ಆಗುತ್ತಿರಲಿಲ್ಲ. ಗೊತ್ತಿದ್ದೂ ಕೂತರೆ ತಾನೇ ಕೈಯಾರೆ ಕೊಂದಂತೆ. ಇನ್ನೊಂದು ಕಡೆ ಗೇಟಿನೊಳಗಿನ ಬೆತ್ತದ ಕುರ್ಚಿ. ಅವಳು ಲಾರಿಯಿಂದ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅತ್ತೆಯ ಎದುರು ಹೋಗಿ ನಿಂತಳು.

"ಅತ್ತೀ, ಎಲಿ ಈಗ ಕೀಳಬೇಕಾಗೇತಿ."

"ಇವತ್ತ ಸೋಮವಾರ," ಎಂದಳು ಹುಚ್ಚಮ್ಮ.

"ಗೊತ್ತೈತ್ರಿ. ನಾಳೀಗೆ ಕೀಳಾಕ ಗಿಡ ಇರೂದಿಲ್ಲ."

ಮುದುಕಿ ಮುಖವನ್ನು ದೇವರಕೋಣೆಯ ಕಡೆ ತಿರುಗಿಸಿದಳು. ಬೀದಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೋಮವಾರ ವಿಲ್ವಂ ಮುಟ್ಟಬಾರದೆಂಬುದು ಅವರ ಮನೆಗಳಲ್ಲೂ ಇದ್ದ ಮಾತೇ. ಆಗ ದೇವಸಗಾಯಂ ಬೀಡಿ ಎಸೆದು ಮುಂದೆ ಬಂದ.

"ಅಮ್ಮಾ, ನಾನ್ ಪರಿಕ್ಕಿರೇನ್. ಎನಕ್ಕು ತಿಂಗಳ್, ಚೆವ್ವಾಯ್ ಎಲ್ಲಾಂ ಒಣ್ಣುದಾನ್," ಎಂದು ಕೊರಳಿನ ಶಿಲುಬೆ ಎತ್ತಿ ತೋರಿಸಿದ. ತಾನು ಕೀಳುತ್ತೇನೆ, ತನಗೆ ಸೋಮವಾರ ಮಂಗಳವಾರ ಎಲ್ಲ ಒಂದೇ ಎಂದು.

ಗುರುಬಸಪ್ಪನ ಮುಖ ಅರಳಿತು. ಮೌನಳೂ ಮುಂದೆ ಬಂದು, "ನಾನೂ ಇದ್ದೀನಿ. ನೀವು ಮುಟ್ಟೋದೇ ಬೇಡ ಆಂಟಿ, ಒಳಗಿರಿ," ಎಂದಳು. ದಾರಿ ಚೆನ್ನಾಗಿತ್ತು. ಮರವೂ ಉಳಿಯುತ್ತಿತ್ತು, ಮೂವತ್ತಮೂರು ವರ್ಷದ ನೇಮವೂ ಉಳಿಯುತ್ತಿತ್ತು, ಅತ್ತೆಯ ಎದುರು ನಿಲ್ಲುವ ಸಂಕಟವೂ ಇರುತ್ತಿರಲಿಲ್ಲ. ನೀಲಗಂಗಮ್ಮ ಒಂದು ಗಳಿಗೆ ಹೂಂ ಅನ್ನುವವಳಿದ್ದಳು. ಆದರೆ ಅದು ಅವಳಿಗೆ ಹಿಡಿಸಲಿಲ್ಲ. ಇಷ್ಟು ವರ್ಷ ಕಿತ್ತ ಪುಣ್ಯವೆಲ್ಲ ತನಗೆ, ಇವತ್ತು ಕಿತ್ತ ಪಾಪ ಲಾರಿಯವನಿಗೆ ಎಂದರೆ ಅದೆಂಥ ನ್ಯಾಯ ಅನ್ನಿಸಿತು.

"ಎಲ್ಲಾರೂ ಬರ್ರಿ. ಮೊದಲನೇದು ನಾ ಕೀಳತೀನಿ. ತಪ್ಪಾದ್ರ ನನ್ನ ಕೈಲೆ ಆಗ್ಲಿ," ಎಂದು ಲಾರಿ ಹತ್ತಿದಳು.

ಮೊದಲ ಎಲೆಯನ್ನು ಕಿತ್ತು ಕಣ್ಣಿಗೊತ್ತಿಕೊಂಡಳು. ಎರಡನೆಯದಕ್ಕೆ ಅಷ್ಟು ಹೊತ್ತು ಕೊಡಲಿಲ್ಲ. ಹತ್ತನೆಯದರ ಹೊತ್ತಿಗೆ ಕೈಗೆ ಹಳೆಯ ಲಯ ಸಿಕ್ಕಿತು, ಬಲಗೈ ಕೀಳುವುದು, ಎಡಗೈ ಹಿಡಿಯುವುದು. ದಿನಾ ನೂರೊಂದಕ್ಕೆ ನಿಲ್ಲುತ್ತಿದ್ದ ಕೈ ಇವತ್ತು ನಿಲ್ಲಬೇಕಿರಲಿಲ್ಲ. ಪತ್ರೆ ನೆಲಕ್ಕೆ ಬೀಳಬಾರದೆಂದು ಗುರುಬಸಪ್ಪ ಮಂಚದ ಹಾಸುಗಳನ್ನೆಲ್ಲ ತಂದು ಲಾರಿಯ ಸುತ್ತ ಹಾಸಿದ. ಎಂದೂ ಏಣಿಯಿಲ್ಲದೆ ಎಟುಕದ ತುದಿ ಮಲಗಿದ ಮರದಲ್ಲಿ ಎಲ್ಲರ ಕೈಗೂ ಎಟುಕುತ್ತಿತ್ತು. ದೇವಸಗಾಯಂ ಬಲೆಯಿಂದ ಮೀನು ಬಿಡಿಸುವಂತೆ ಚಕಚಕನೆ ಬಿಡಿಸುತ್ತಿದ್ದ. ಎದುರುಮನೆಯ ಅಜ್ಜಿ, ಅದುವರೆಗೆ ಗೇಟು ಹಿಡಿದು ನಿಂತಿದ್ದವಳು, "ಶಿವನೇ, ಮನ್ನಿಚ್ಚುಕ್ಕೋ" ಎಂದು ಕ್ಷಮೆ ಬೇಡಿ ಕೈಮುಗಿದು ಸೀರೆ ಮೇಲೆತ್ತಿ ಕಟ್ಟಿ ತಾನೂ ಬಂದಳು. ಅವಳ ಹಿಂದೆ ಸೊಸೆ ಬಂದಳು. ಇಸ್ತ್ರಿ ಅಂಗಡಿಯವನು ಬಂದ.

ಬಿಲ್ವಕ್ಕೆ ಮುಳ್ಳು. ಬೆರಳುದ್ದದ, ನೆಟ್ಟಗಿನ ಮುಳ್ಳು. ಒಂದೊಂದಾಗಿ ಕೀಳುವಾಗ ತಪ್ಪಿಸಿಕೊಳ್ಳಬಹುದು, ಹೀಗೆ ದೋಚುವಾಗ ಆಗುವುದಿಲ್ಲ. ಹದಿನೈದು ನಿಮಿಷದಲ್ಲಿ ಎಲ್ಲರ ಕೈಯಲ್ಲೂ ಕೆಂಪು ಗೀರು. ಯಾರೂ ನಿಲ್ಲಿಸಲಿಲ್ಲ. ಬೀದಿಯೆಲ್ಲ ಪತ್ರೆಯ ಘಮ ಎದ್ದಿತು. ಗುರುಬಸಪ್ಪ ಒಂದು ಕೈಯಲ್ಲಿ ಕೀಳುತ್ತ, ಇನ್ನೊಂದರಲ್ಲಿ ಮತ್ತೆ ಮೀಟರು ಹಿಡಿದು, "ಮೂವತ್ನಾಕು. ಎಲಿ ಮುಗಿಯೂದು ಮೊದಲೋ ಇದು ಇನ್ನಾ ಇಳಿಯೂದು ಮೊದಲೋ ನೋಡೂಣು," ಎಂದು ಕೂಗಿದ. ನೀಲಗಂಗಮ್ಮನಿಗೆ ನಗು ಬಂತು. ತಪ್ಪು ಮಾಡುತ್ತಿದ್ದೇನೆಂಬ ಅರಿವು ಎದೆಯೊಳಗೇ ಇತ್ತು, ಅದರ ಪಕ್ಕದಲ್ಲೇ ಚಿಕ್ಕಂದಿನಲ್ಲಿ ಕೆರೆಗೆ ಹಾರಿದಾಗಿನಂಥ ಹಿಗ್ಗೂ ಇತ್ತು. ಬೆವರು ಕಣ್ಣಿಗಿಳಿಯುತ್ತಿತ್ತು, ಗಾಳಿ ಅದನ್ನೂ ಒಣಗಿಸುತ್ತಿತ್ತು. ಒಮ್ಮೆ ತಿರುಗಿ ನೋಡಿದಾಗ ಬೆತ್ತದ ಕುರ್ಚಿ ಖಾಲಿಯಾಗಿತ್ತು, ದೇವರಕೋಣೆಯ ಬಾಗಿಲು ಮುಚ್ಚಿತ್ತು.

ಹನ್ನೆರಡೂವರೆಗೆ ಮರದಲ್ಲಿ ಎಲೆ ಅನ್ನುವುದು ಉಳಿಯಲಿಲ್ಲ. ಬೋಳು ಕೊಂಬೆಗಳಿಗೆ ಮೌನ ಒದ್ದೆ ಗೋಣಿ ಸುತ್ತಿಸಿದಳು. ಕ್ರೇನು ಬಂದದ್ದು ಒಂದೂ ಮುಕ್ಕಾಲಿಗೆ. ಮರ ಮನೆಯ ಮಾಳಿಗೆಗಿಂತ ಎತ್ತರಕ್ಕೆದ್ದು, ವಿದ್ಯುತ್ ತಂತಿ ತಪ್ಪಿಸಿಕೊಂಡು, ಗುಂಡಿಗೆ ಇಳಿದು ಕೂತಾಗ ಮೂರು ಗಂಟೆ. ಬೀದಿಯವರು ಚಪ್ಪಾಳೆ ತಟ್ಟಿದರು. ಕಿತ್ತ ಎಲೆಯನ್ನು ಪೂಜೆಗೆ ಒಯ್ಯಲು ಯಾರಿಗೂ ಧೈರ್ಯವಾಗಲಿಲ್ಲ, ಎಸೆಯುವುದಕ್ಕೂ ಮನಸ್ಸು ಬರಲಿಲ್ಲ. ಬುಡದ ತೇವ ಆರದಂತೆ ಹಾಸಿಬಿಡಿ ಎಂದು ಮೌನ ಹೇಳಿದ ಮೇಲೆ ನೀಲಗಂಗಮ್ಮ ನಾಲ್ಕು ಹಾಸುಗಳಷ್ಟನ್ನೂ ಮರದ ಬುಡಕ್ಕೇ ಸುರಿದಳು. ಆ ದಿನ ಕಡಲಗಾಳಿ ಬರಲೇ ಇಲ್ಲ. ಸಂಜೆ ಏಳರವರೆಗೂ ಪಡುವಣದ್ದೇ ಬೀಸಿತು.

ಹುಚ್ಚಮ್ಮ ಮಾತು ನಿಲ್ಲಿಸಿದಳು. ಸೊಸೆ ಕೊಟ್ಟ ತಟ್ಟೆ ಹಾಗೇ ಉಳಿಯುತ್ತಿತ್ತು, ಅದೇ ತಟ್ಟೆಯನ್ನು ಮಗ ಕೊಟ್ಟರೆ ಉಣ್ಣುತ್ತಿದ್ದಳು. ಬಳಗದಲ್ಲಿ ಇನ್ಯಾರದೋ ಮನೆಯಿಂದ ಪತ್ರೆ ಬರುವ ಏರ್ಪಾಡಾಯಿತು. ನೀಲಗಂಗಮ್ಮ ಅತ್ತಳು, ಸಿಟ್ಟೂ ಮಾಡಿಕೊಂಡಳು, ಆದರೆ ತಾನು ಮಾಡಿದ್ದು ತಪ್ಪೆಂದು ಹೋಗಿ ಒಪ್ಪಿಕೊಳ್ಳಲು ಆಗಲಿಲ್ಲ. ಅದು ತಪ್ಪೋ ಅಲ್ಲವೋ ಎಂದು ಹೇಳಬೇಕಾದ ಮರ ಹಿತ್ತಲಲ್ಲಿ ಕಡ್ಡಿ ನೆಟ್ಟಂತೆ ನಿಂತಿತ್ತು.

ಎಂಟನೆಯ ದಿನ ಮೌನ ಬಂದು ಸುತ್ತಲೂ ನೋಡಿದಳು. "ಈಗ್ಲೇ ಹೇಳಕ್ಕಾಗಲ್ಲ ಆಂಟಿ. ಹದಿನೈದು ದಿನ ಕಳೀಲಿ. ಆಮೇಲೆ ತೊಗಟೆ ಒಂಚೂರು ಉಗುರಲ್ಲಿ ಕೆರೆದು ನೋಡಿ. ಒಳಗೆ ಹಸಿರಿದ್ದು ತೇವ ಇದ್ರೆ ಬದುಕಿದೆ. ಕಂದಾಗಿ ಒಣಗಿದ್ರೆ ಇಲ್ಲ," ಎಂದಳು. ಅಡುಗೆಮನೆಯ ಕಿಟಕಿ ತೆರೆದೇ ಇತ್ತು, ಅದರಾಚೆ ಹುಚ್ಚಮ್ಮನ ಕೋಲಿನ ಸದ್ದು ಬಂದು ನಿಂತಿತು.

ಹದಿನೈದನೆಯ ದಿನ ನೀಲಗಂಗಮ್ಮ ಮರದ ಹತ್ತಿರ ಹೋದಳು, ಉಗುರು ತೊಗಟೆಯ ಮೇಲಿಟ್ಟಳು, ಇಟ್ಟು ವಾಪಸು ಬಂದಳು. ಹದಿನಾರನೆಯ ದಿನ ಗಂಡನನ್ನು ಕಳಿಸಿದಳು. ಅವನು ಮರದ ಸುತ್ತ ಎರಡು ಸುತ್ತು ಹಾಕಿ, ತೇವ ಎಪ್ಪತ್ತೊಂದು ಎಂದು ಹೇಳಿ ಕಾರ್ಖಾನೆಗೆ ಹೋದ. ಮೀಟರನ್ನು ಅವನು ಕೊನೆಗೂ ಕೊಂಡುಕೊಂಡಿದ್ದ.

ಹದಿನೇಳನೆಯ ದಿನ ಬೆಳಿಗ್ಗೆ ಅವಳು ಹಾಲು ಕಾಯಿಸುತ್ತಿದ್ದಾಗ ಹಿತ್ತಲ ಬಾಗಿಲು ಕಿರುಗುಟ್ಟಿತು. ಕೋಲಿನ ಸದ್ದು ಹೊರಗೆ ಹೋಯಿತು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಅವಳು ಕಿಟಕಿಯ ಕಡೆ ತಿರುಗದೆ ಹಾಲನ್ನೇ ನೋಡುತ್ತ ನಿಂತಳು. ಹಾಲು ಉಕ್ಕಿತು, ಒಲೆ ಆರಿಸಿದಳು. ಕೋಲಿನ ಸದ್ದು ನಿಧಾನವಾಗಿ ಒಳಗೆ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿತು.

"ನೀಲಾ, ಚಾ ಆತೇನು?"

ನೀಲಗಂಗಮ್ಮ ಕುದಿಸಿಟ್ಟಿದ್ದ ಚಾದ ನೀರಿಗೆ ಹಾಲು ಬೆರೆಸಿ ಕಪ್ಪಿಗೆ ಬಗ್ಗಿಸಿ ತಂದುಕೊಟ್ಟಳು. ಅತ್ತೆ ನಿಂತಲ್ಲೇ ಎರಡೂ ಕೈಯಿಂದ ಈಸಿಕೊಂಡು ಊದಿ ಊದಿ ಕುಡಿಯತೊಡಗಿದಳು. ಕಪ್ಪು ಹಿಡಿದ ಹೆಬ್ಬೆರಳ ಉಗುರಿನ ಸಂದಿಯಲ್ಲಿ ಹಸಿರು ಅಂಟಿತ್ತು, ಇನ್ನೂ ಒಣಗಿರಲಿಲ್ಲ.